ರಾ ಫೈಲ್‌ನಲ್ಲಿ ಚಿತ್ರ ತೆಗೆಯುವುದು: ಹವ್ಯಾಸಿ ಛಾಯಾಗ್ರಾಹಕರಿಗೊಂದು ಸಮಗ್ರ ಮಾರ್ಗದರ್ಶಿ

ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಹಾಗೆಯೇ ಇಟ್ಟ ಫೈಲ್ ರಾ, ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಸಿದ್ಧ ಚಿತ್ರ ಜೆಪೆಗ್. ರಾ ಫೈಲ್ ಎಂದರೆ ವೃತ್ತಿಪರರ ಸೊತ್ತು, ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರಿಗೆ ಜೆಪೆಗ್ ಸಾಕು ಎಂಬ ಮಾತನ್ನು ಛಾಯಾಗ್ರಹಣಕ್ಕೆ ಹೊಸದಾಗಿ ಬಂದವರೆಲ್ಲರೂ ಒಮ್ಮೆಯಾದರೂ ಕೇಳಿರುತ್ತಾರೆ. ನನಗೆ ಇದು ತಲೆಕೆಳಗಾದ ಮಾತು ಎನಿಸುತ್ತದೆ. ಸುದ್ದಿ ಛಾಯಾಗ್ರಾಹಕರು ಚಿತ್ರ ತೆಗೆದ ಕೆಲವೇ ನಿಮಿಷಗಳಲ್ಲಿ ಅದನ್ನು ಕಚೇರಿಗೆ ಕಳುಹಿಸಬೇಕು. 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯು ರಾ ಫೈಲಿನಿಂದ ಸಂಸ್ಕರಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ಮೂಡಿದ ಜೆಪೆಗ್ ಕಳುಹಿಸಿ ಎಂದು ತನ್ನ ಸ್ವತಂತ್ರ ಛಾಯಾಗ್ರಾಹಕರಿಗೆ ಸೂಚಿಸಿತ್ತು. ವೇಗ ಮತ್ತು ವಿಶ್ವಾಸಾರ್ಹತೆ ಎರಡೂ ಅದರ ಹಿಂದಿದ್ದವು. ಹವ್ಯಾಸಿಗೆ ಅಂಥ ಗಡುವಿಲ್ಲ. ಒಂದೇ ಚಿತ್ರದ ಮುಂದೆ ಒಂದು ಸಂಜೆ ಕುಳಿತರೂ ಕೇಳುವವರಿಲ್ಲ, ಬೇಡವೆನಿಸಿದರೆ ಮುಂದಿನ ವರ್ಷ ಮತ್ತೆ ತೆರೆದು ಕುಳಿತುಕೊಳ್ಳಬಹುದು. ಅಂಥ ಬಿಡುವಿನ ಪೂರ್ಣ ಫಲ ಸಿಗುವುದು ರಾ ಫೈಲಿನಲ್ಲಿ. ಹಾಗಾಗಿ ಇದು ವೃತ್ತಿಪರರಿಗಿಂತ ಹೆಚ್ಚಾಗಿ ಹವ್ಯಾಸಿಗೇ ಒಗ್ಗುವ ವಿಧಾನ ಎಂಬುದು ನನ್ನ ನಿಲುವು.

ಸೆನ್ಸರ್‌ನಿಂದ ಫೈಲ್‌ವರೆಗೆ ಏನು ನಡೆಯುತ್ತದೆ

ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಕಾಣುವುದಿಲ್ಲ. ಅದರ ಮೇಲಿರುವ ಕೋಟ್ಯಂತರ ಬೆಳಕಿನ ಕೋಶಗಳು ತಮ್ಮ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದನ್ನಷ್ಟೇ ಅಳೆಯುತ್ತವೆ. ಬಣ್ಣ ತಿಳಿಯಬೇಕೆಂದೇ ಪ್ರತಿ ಕೋಶದ ಮೇಲೆ ಕೆಂಪು, ಹಸಿರು ಅಥವಾ ನೀಲಿ ಶೋಧಕವನ್ನು ಕೂರಿಸಲಾಗುತ್ತದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ, 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ಅರ್ಧದಷ್ಟು ಕೋಶಗಳು ಹಸಿರಿನವು, ಕಾಲು ಭಾಗ ಕೆಂಪಿನವು, ಕಾಲು ಭಾಗ ನೀಲಿಯವು. ಮನುಷ್ಯನ ಕಣ್ಣು ಹಸಿರಿನ ಸುತ್ತಮುತ್ತಲ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಈ ಹಂಚಿಕೆಗೆ ಕಾರಣ. ಇಂದಿಗೂ ಬಹುತೇಕ ಕ್ಯಾಮೆರಾಗಳು ಇದೇ ಜೋಡಣೆಯನ್ನು ಬಳಸುತ್ತವೆ. ಫ್ಯೂಜಿಫಿಲ್ಮ್‌ನ ಎಕ್ಸ್-ಟ್ರಾನ್ಸ್‌ನಂಥ ಕೆಲವು ಸೆನ್ಸರ್‌ಗಳು ಮಾತ್ರ ಬೇರೆ ವಿನ್ಯಾಸ ಹಿಡಿದಿವೆ.

ಈ ಅಳತೆಗಳನ್ನು ಹೆಚ್ಚೇನೂ ಬದಲಿಸದೆ ಫೈಲಿಗೆ ಬರೆದಿಟ್ಟರೆ ಅದು ರಾ. ಕ್ಯಾನನ್‌ನಲ್ಲಿ ಸಿಆರ್3, ನಿಕಾನ್‌ನಲ್ಲಿ ಎನ್‌ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯೂ ಎಂದು ಹೆಸರುಗಳು ಬೇರೆ ಬೇರೆ, ಒಳಗಿರುವ ಸಂಗತಿ ಬಹುಮಟ್ಟಿಗೆ ಒಂದೇ. ಜೆಪೆಗ್ ಆಯ್ದುಕೊಂಡಾಗಲೂ ಕ್ಯಾಮೆರಾ ಮೊದಲು ಇವೇ ಅಳತೆಗಳನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಕ್ಷಣಾರ್ಧದಲ್ಲಿ ಅಕ್ಕಪಕ್ಕದ ಕೋಶಗಳನ್ನು ನೋಡಿ ಪ್ರತಿ ಬಿಂದುವಿನ ಬಣ್ಣವನ್ನು ಊಹಿಸುತ್ತದೆ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣಗಳ ಸಮತೋಲ) ಹೊಂದಿಸುತ್ತದೆ, ಕಾಂಟ್ರಾಸ್ಟ್ ಏರಿಸುತ್ತದೆ, ಅಂಚುಗಳನ್ನು ಚೂಪುಗೊಳಿಸುತ್ತದೆ, ನಾಯ್ಸ್ (ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು) ಒರೆಸುತ್ತದೆ, ಕೊನೆಗೆ ಎಲ್ಲವನ್ನೂ ಕುಗ್ಗಿಸಿ ಉಳಿದದ್ದನ್ನು ಎಸೆದುಬಿಡುತ್ತದೆ. ಈ ನಿರ್ಧಾರಗಳು ಕೆಟ್ಟವೇನಲ್ಲ. ಇಂದಿನ ಕ್ಯಾಮೆರಾಗಳ ಜೆಪೆಗ್ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಅವು ನಿಮ್ಮ ನಿರ್ಧಾರಗಳಲ್ಲ, ಅವನ್ನು ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ.

ಕಳೆದುಹೋಗುವುದು ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಹಂತಗಳು. 12 ಬಿಟ್‌ನ ರಾ ಫೈಲಿನಲ್ಲಿ 4,096 ಹಂತಗಳು, 14 ಬಿಟ್‌ನದರಲ್ಲಿ 16,384. ಇದರಲ್ಲೊಂದು ಸೂಕ್ಷ್ಮವಿದೆ. ಸೆನ್ಸರ್ ಬೆಳಕನ್ನು ನೇರ ಪ್ರಮಾಣದಲ್ಲಿ ಅಳೆಯುವುದರಿಂದ ಅತಿ ಪ್ರಕಾಶಮಾನವಾದ ಒಂದು ಸ್ಟಾಪ್‌ಗೇ, ಅಂದರೆ ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲಿಗೇ, ಅರ್ಧದಷ್ಟು ಹಂತಗಳು ಹೋಗುತ್ತವೆ: 14 ಬಿಟ್‌ನಲ್ಲಿ 8,192. ಅದರ ಕೆಳಗಿನ ಸ್ಟಾಪ್‌ಗೆ 4,096, ಅದರ ಕೆಳಗಿನದಕ್ಕೆ 2,048. ಹೀಗೆ ಇಳಿಯುತ್ತ ಆರನೆಯ ಸ್ಟಾಪ್‌ಗೆ ಬಂದಾಗ ಅದೊಂದಕ್ಕೇ 256 ಹಂತಗಳು ಉಳಿದಿರುತ್ತವೆ. ಜೆಪೆಗ್‌ಗೆ ಇಡೀ ಚಿತ್ರಕ್ಕೆ ಸಿಗುವುದೇ ಅಷ್ಟು. ಸಂಜೆಯ ಆಕಾಶದ ನೀಲಿಯನ್ನು ಸ್ವಲ್ಪ ಗಾಢವಾಗಿಸಲು ಹೋದಾಗ ಜೆಪೆಗ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಒಡೆಯುವುದೂ, ರಾ ಫೈಲಿನಲ್ಲಿ ನಯವಾಗಿ ಬದಲಾಗುವುದೂ ಇದೇ ಕಾರಣಕ್ಕೆ.

ಯಾವುದನ್ನು ಆಮೇಲೆ ಬದಲಿಸಬಹುದು, ಯಾವುದನ್ನು ಇಲ್ಲ

ವೈಟ್ ಬ್ಯಾಲೆನ್ಸ್, ಪಿಕ್ಚರ್ ಸ್ಟೈಲ್ (ಕ್ಯಾಮೆರಾದ ಸಿದ್ಧ ಬಣ್ಣ-ಕಾಂಟ್ರಾಸ್ಟ್ ಶೈಲಿ), ಕಾಂಟ್ರಾಸ್ಟ್, ಶಾರ್ಪ್‌ನೆಸ್, ಎಸ್‌ಆರ್‌ಜಿಬಿಯೋ ಅಡೋಬಿ ಆರ್‌ಜಿಬಿಯೋ ಎಂಬ ಬಣ್ಣದ ವ್ಯಾಪ್ತಿ, ಇವೆಲ್ಲ ರಾ ಫೈಲಿನಲ್ಲಿ ಬರಿಯ ಟಿಪ್ಪಣಿಗಳಾಗಿ ಸೇರಿರುತ್ತವೆ. ಅವನ್ನು ಎಷ್ಟು ಬಾರಿ ಬೇಕಾದರೂ, ಯಾವ ನಷ್ಟವೂ ಇಲ್ಲದೆ ಬದಲಿಸಬಹುದು. ಹಳದಿ ಬಲ್ಬಿನ ಕೆಳಗೆ ತೆಗೆದ ಮುಖ ಕಿತ್ತಳೆಯಾಗಿದ್ದರೆ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್‌ನಿಂದ (ಇದು ಬೆಳಕಿನ ಬಣ್ಣದ ಅಳತೆ) 3000ಕ್ಕೆ ಇಳಿಸಿದರೆ ಸಾಕು, ಮೊದಲೇ ಸರಿಯಾಗಿ ತೆಗೆದಂತೆಯೇ ಇರುತ್ತದೆ.

ಶಟರ್ ವೇಗ, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿಯ ಅಗಲ), ಫೋಕಸ್ ಮಾತ್ರ ಆ ಕ್ಷಣದಲ್ಲೇ ಮುಗಿದ ಕಥೆ. ಅಲುಗಾಡಿದ ಚಿತ್ರವನ್ನು ರಾ ಸರಿಪಡಿಸುವುದಿಲ್ಲ. ಮೂರೂ ಬಣ್ಣಗಳಲ್ಲಿ ಪೂರ್ತಿ ತುಂಬಿ ಹೋದ ಬಿಳಿ ಮೋಡದೊಳಗೆ ವಿವರವೇ ದಾಖಲಾಗಿರುವುದಿಲ್ಲ, ಇಲ್ಲದ್ದನ್ನು ಯಾವ ತಂತ್ರಾಂಶವೂ ಹೊರತೆಗೆಯಲಾರದು. ಕೆಟ್ಟ ಚಿತ್ರವನ್ನು ಕಾಪಾಡುವ ಉಪಾಯ ಎಂದುಕೊಂಡು ರಾ ಬಳಸಲು ಶುರುಮಾಡಿದವರಿಗೆ ಬೇಗ ನಿರಾಸೆಯಾಗುತ್ತದೆ. ಒಳ್ಳೆಯ ಚಿತ್ರವನ್ನು ಅದರ ಪೂರ್ಣ ರೂಪಕ್ಕೆ ಮುಟ್ಟಿಸುವುದು ಇದರ ನಿಜವಾದ ಉಪಯೋಗ.

ಹೆಜ್ಜೆ 1: ಕ್ಯಾಮೆರಾ ಸಿದ್ಧಮಾಡಿಕೊಳ್ಳುವುದು

ಇಮೇಜ್ ಕ್ವಾಲಿಟಿ ಮೆನುವಿಗೆ ಹೋಗಿ ಮೊದಲಿಗೆ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವ ಆಯ್ಕೆಯನ್ನು ಇಟ್ಟುಕೊಳ್ಳಿ. ಮನೆಯವರಿಗೆ ತಕ್ಷಣ ಕಳುಹಿಸಲು ಜೆಪೆಗ್ ಕೈಯಲ್ಲಿರುತ್ತದೆ, ರಾ ಕಲಿಯುವ ಆತುರವೂ ಇರುವುದಿಲ್ಲ. ನೀವು ಸಂಸ್ಕರಿಸಿದ ಚಿತ್ರ ಕ್ಯಾಮೆರಾದ ಜೆಪೆಗ್‌ಗಿಂತ ಸತತವಾಗಿ ಮೇಲಿದೆ ಎನಿಸಿದ ದಿನ ಜೆಪೆಗ್ ಬಿಟ್ಟುಬಿಡಬಹುದು. ಎರಡು ಕಾರ್ಡ್‌ಗಳಿಗೆ ಜಾಗವಿರುವ ಕ್ಯಾಮೆರಾವಾದರೆ ಒಂದಕ್ಕೆ ರಾ, ಇನ್ನೊಂದಕ್ಕೆ ಜೆಪೆಗ್ ಹೋಗುವಂತೆ ಮಾಡಿ.

ಸಂಕುಚನದ ಆಯ್ಕೆ ಕೇಳಿದರೆ 'ಲಾಸ್‌ಲೆಸ್ ಕಂಪ್ರೆಸ್ಡ್' ಆರಿಸಿ. ಅದರಲ್ಲಿ ಮಾಹಿತಿ ಒಂದಿಷ್ಟೂ ಕಳೆಯುವುದಿಲ್ಲ, ಫೈಲ್ ಮಾತ್ರ ಚಿಕ್ಕದಾಗುತ್ತದೆ. 24 ಮೆಗಾಪಿಕ್ಸೆಲ್‌ನ 14 ಬಿಟ್ ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಸುಮಾರು 42 ಮೆಗಾಬೈಟ್ ಆಗುತ್ತದೆ. ಲಾಸ್‌ಲೆಸ್‌ನಲ್ಲಿ ಅದು ದೃಶ್ಯಕ್ಕೆ ತಕ್ಕಂತೆ ಗಣನೀಯವಾಗಿ ಇಳಿಯುತ್ತದೆ. ಬಿಟ್ ಆಯ್ಕೆ ಇದ್ದರೆ 14 ಇರಲಿ. ಕೆಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್ ಅಥವಾ ಅತಿವೇಗದ ಬರ್ಸ್ಟ್ (ಒಂದರ ಹಿಂದೊಂದು ಸತತ ಚಿತ್ರಗಳು) ಬಳಸಿದಾಗ ತಾವಾಗಿಯೇ 12 ಬಿಟ್‌ಗೆ ಇಳಿಯುತ್ತವೆ, ಕೈಪಿಡಿಯಲ್ಲಿ ಇದನ್ನೊಮ್ಮೆ ನೋಡಿಕೊಳ್ಳಿ. ಬರ್ಸ್ಟ್‌ನಲ್ಲಿ ರಾ ಫೈಲುಗಳು ಬಫರನ್ನು, ಅಂದರೆ ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳು ನಿಲ್ಲುವ ಕ್ಯಾಮೆರಾದ ತಾತ್ಕಾಲಿಕ ಸ್ಮರಣೆಯನ್ನು, ಬೇಗ ತುಂಬಿಸುತ್ತವೆ, ಹಾಗಾಗಿ ಹಕ್ಕಿ ಅಥವಾ ಆಟದ ಚಿತ್ರ ತೆಗೆಯುವವರಿಗೆ ಬರವಣಿಗೆಯ ವೇಗ ಹೆಚ್ಚಿರುವ ಕಾರ್ಡ್ ಅಗತ್ಯ.

ಹೈ ಐಎಸ್‌ಒ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವ ಮಟ್ಟ) ನಾಯ್ಸ್ ರಿಡಕ್ಷನ್ ಎಂಬ ಆಯ್ಕೆ ಸಾಮಾನ್ಯವಾಗಿ ಜೆಪೆಗ್‌ಗೆ ಮಾತ್ರ ಸಂಬಂಧಿಸಿದ್ದು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಗಲ್ಲ. ಅದು ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಕತ್ತಲ ಚಿತ್ರ ತೆಗೆದು ಮೊದಲಿನದರಿಂದ ಕಳೆಯುತ್ತದೆ, ಅದರ ಪರಿಣಾಮ ರಾ ಫೈಲಿಗೂ ಇರುತ್ತದೆ.

ಹೆಜ್ಜೆ 2: ಎರಡು ಪ್ರಯೋಗಗಳು

ಓದಿ ನಂಬುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ಕಿಟಕಿಯಿಂದ ಬಿಸಿಲು ಬೀಳುವ ಕೋಣೆಯೊಂದರಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ಚೌಕಟ್ಟಿನಲ್ಲಿ ಕಿಟಕಿಯ ಹೊರಗಿನ ಬೆಳಕೂ ಕೋಣೆಯ ಮೂಲೆಯ ಕತ್ತಲೆಯೂ ಇರಲಿ. ರಾ ಮತ್ತು ಜೆಪೆಗ್ ಎರಡರಲ್ಲೂ ಸರಿಯಾದ ಎಕ್ಸ್‌ಪೋಷರ್, ಮೂರು ಸ್ಟಾಪ್ ಕಡಿಮೆ, ಒಂದು ಸ್ಟಾಪ್ ಹೆಚ್ಚು, ಎರಡು ಸ್ಟಾಪ್ ಹೆಚ್ಚು, ಹೀಗೆ ನಾಲ್ಕು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದೇ ಪ್ರಕಾಶಕ್ಕೆ ತಂದು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂಲೆಯ ಕತ್ತಲೆಯನ್ನು ಎತ್ತಿದಾಗ ಜೆಪೆಗ್‌ನಲ್ಲಿ ಬಣ್ಣದ ಕಲೆಗಳೂ ಚೌಕದ ಗುರುತುಗಳೂ ಏಳುತ್ತವೆ. ರಾ ಫೈಲಿನಲ್ಲಿ ನಾಯ್ಸ್ ಇದ್ದರೂ ವಸ್ತುಗಳ ಮೈ ಕಾಣುತ್ತದೆ. ಹೆಚ್ಚು ಬೆಳಕಿನ ಚಿತ್ರಗಳಲ್ಲಿ ಕಿಟಕಿಯಾಚೆಯ ವಿವರ ಎಲ್ಲಿಯವರೆಗೆ ಮರಳುತ್ತದೆ, ಎಲ್ಲಿ ಸತ್ತ ಬೂದು ಬಣ್ಣವಾಗಿ ನಿಲ್ಲುತ್ತದೆ ಎಂಬುದನ್ನು ಗಮನವಿಟ್ಟು ನೋಡಿ. ಅದು ನಿಮ್ಮ ಕ್ಯಾಮೆರಾದ ಮಿತಿ, ಬೇರೆಯವರ ವಿಮರ್ಶೆಗಳಲ್ಲಿ ಇಷ್ಟು ನಿಖರವಾಗಿ ಸಿಗುವುದಿಲ್ಲ.

ಎರಡನೆಯದು ಇನ್ನೂ ಸುಲಭ. ಹಗಲು ಬೆಳಕಿನಲ್ಲಿ ಬೇಕೆಂದೇ ವೈಟ್ ಬ್ಯಾಲೆನ್ಸನ್ನು ಟಂಗ್‌ಸ್ಟನ್‌ಗೆ, ಅಂದರೆ ಹಳದಿ ಬಲ್ಬಿನ ಬೆಳಕಿಗಿರುವ ಆಯ್ಕೆಗೆ, ಇಟ್ಟು ಒಬ್ಬರ ಮುಖವನ್ನು ತೆಗೆಯಿರಿ. ನೀಲಿಗಟ್ಟಿದ ಆ ಎರಡು ಫೈಲುಗಳನ್ನೂ ಸರಿಪಡಿಸಲು ಯತ್ನಿಸಿ. ಜೆಪೆಗ್‌ನ ಚರ್ಮದ ಬಣ್ಣ ಎಷ್ಟು ತಿದ್ದಿದರೂ ಪೂರ್ತಿ ಮರಳುವುದಿಲ್ಲ.

ಹೆಜ್ಜೆ 3: ಚಿತ್ರ ತೆಗೆಯುವಾಗ

ಕ್ಯಾಮೆರಾದ ಪರದೆಯ ಮೇಲಿನ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕಪ್ಪಿನಿಂದ ಬಲಕ್ಕೆ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ರಾ ಫೈಲಿನದಲ್ಲ. ಒಳಗೆ ಅಡಕವಾಗಿರುವ ಪುಟ್ಟ ಜೆಪೆಗ್‌ನಿಂದ ಅದನ್ನು ರಚಿಸಲಾಗುತ್ತದೆ. ಕಣ್ಣು ಕುಕ್ಕುವ 'ವಿವಿಡ್' ಸ್ಟೈಲ್ ಇಟ್ಟಿದ್ದರೆ, ರಾ ಫೈಲಿನಲ್ಲಿ ಇನ್ನೂ ಜಾಗವಿದ್ದರೂ ಬಿಳಿ ಭಾಗ ತುಂಬಿಹೋಯಿತೆಂದು ಅದು ಎಚ್ಚರಿಸುತ್ತದೆ. ಹಾಗಾಗಿ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ಬದಲಿಸಿ, ಕಾಂಟ್ರಾಸ್ಟ್ ಕಡಿಮೆ ಮಾಡಿ. ಪರದೆಯ ಚಿತ್ರ ಸಪ್ಪೆಯಾಗಿ ಕಾಣುತ್ತದೆ, ಆದರೆ ಹಿಸ್ಟೋಗ್ರಾಂ ಸತ್ಯಕ್ಕೆ ಹತ್ತಿರ ಬರುತ್ತದೆ. ಮಿನುಗುವ ಹೈಲೈಟ್ ಎಚ್ಚರಿಕೆಯನ್ನೂ ಚಾಲೂ ಮಾಡಿಕೊಳ್ಳಿ.

ನಿಯಮ ಇಷ್ಟೇ: ಮುಖ್ಯವಾದ ಬಿಳಿ ಭಾಗ ತುಂಬಿ ಹೋಗದ ಹಾಗೆ, ಹಿಸ್ಟೋಗ್ರಾಂ ಸಾಧ್ಯವಾದಷ್ಟು ಬಲಕ್ಕೆ ಬರುವಂತೆ ಬೆಳಕು ಕೊಡಿ. ಹೆಚ್ಚು ಬೆಳಕು ಬಿದ್ದಷ್ಟೂ ನಾಯ್ಸ್ ಕಡಿಮೆ. ಬೆಳಕು ನಾಲ್ಕು ಪಟ್ಟಾದರೆ ಅದರ ಸಹಜ ಏರಿಳಿತ ಎರಡು ಪಟ್ಟು ಮಾತ್ರ ಬೆಳೆಯುತ್ತದೆ, ಉಳಿದದ್ದೆಲ್ಲ ಶುದ್ಧ ಲಾಭ. ಈ ಲಾಭ ಬರುವುದು ಶಟರ್ ಅಥವಾ ಅಪರ್ಚರ್‌ನಿಂದ ನಿಜವಾಗಿಯೂ ಹೆಚ್ಚು ಬೆಳಕು ಒಳಗೆ ಬಂದಾಗ. ಐಎಸ್‌ಒ ಏರಿಸಿ ಹಿಸ್ಟೋಗ್ರಾಂ ಬಲಕ್ಕೆ ತಳ್ಳಿದರೆ ಅಷ್ಟು ಪ್ರಯೋಜನವಿಲ್ಲ. ಓಡುವ ಮಗುವನ್ನೋ ಹಾರುವ ಹಕ್ಕಿಯನ್ನೋ ತೆಗೆಯುವಾಗ ಇದನ್ನೆಲ್ಲ ಮರೆತು ಶಟರ್ ವೇಗ ಕಾಯ್ದುಕೊಳ್ಳಿ. ಸ್ವಲ್ಪ ಕಪ್ಪಾದ ಚಿತ್ರವನ್ನು ಎತ್ತಬಹುದು, ಮಸುಕಾದದ್ದನ್ನು ಏನೂ ಮಾಡಲಾಗದು.

ವೈಟ್ ಬ್ಯಾಲೆನ್ಸನ್ನು ಆಟೊದಲ್ಲೇ ಬಿಡಬಹುದು. ಬಣ್ಣ ನಿಖರವಾಗಿ ಬೇಕಿದ್ದಲ್ಲಿ, ಉದಾಹರಣೆಗೆ ಬಟ್ಟೆ ಅಥವಾ ವರ್ಣಚಿತ್ರದ ಚಿತ್ರ ತೆಗೆಯುವಾಗ, ಅದೇ ಬೆಳಕಿನಲ್ಲಿ ಬೂದು ಕಾರ್ಡ್ ಒಂದನ್ನು ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಕಾರ್ಡ್ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಇಡೀ ಸರಣಿ ಸರಿಹೋಗುತ್ತದೆ.

ಹೆಜ್ಜೆ 4: ತಂತ್ರಾಂಶ ಮತ್ತು ಸಂಗ್ರಹ

ತಂತ್ರಾಂಶಕ್ಕೆ ಮೊದಲ ದಿನವೇ ಹಣ ಹಾಕಬೇಕಿಲ್ಲ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಉಚಿತ, ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಕ್ಯಾನನ್‌ನವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನವರಿಗೆ ಎನ್‌ಎಕ್ಸ್ ಸ್ಟುಡಿಯೊ ಉಚಿತವಾಗಿಯೇ ಸಿಗುತ್ತವೆ. ಕ್ಯಾಮೆರಾದ ಜೆಪೆಗ್ ಬಣ್ಣವನ್ನೇ ಇಷ್ಟಪಡುವವರಿಗೆ ತಯಾರಕರ ತಂತ್ರಾಂಶ ಒಳ್ಳೆಯ ಆರಂಭ, ಏಕೆಂದರೆ ಅದೇ ಪಿಕ್ಚರ್ ಸ್ಟೈಲ್‌ಗಳು ಅಲ್ಲಿರುತ್ತವೆ. ಲೈಟ್‌ರೂಮ್ ಮತ್ತು ಕ್ಯಾಪ್ಚರ್ ಒನ್ ಹಣ ಕೊಟ್ಟು ಪಡೆಯುವಂಥವು. ಡಾರ್ಕ್‌ಟೇಬಲ್ ಕಲಿಯಲು ತಾಳ್ಮೆ ಬೇಕು, ಆದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಆಸೆಯುಳ್ಳವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಹೊಚ್ಚಹೊಸ ಕ್ಯಾಮೆರಾದ ಫೈಲುಗಳನ್ನು ಹಳೆಯ ತಂತ್ರಾಂಶ ಗುರುತಿಸದೇ ಇರಬಹುದು. ಆಗ ತಂತ್ರಾಂಶವನ್ನು ನವೀಕರಿಸಿ, ಅಥವಾ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಿಂದ ಡಿಎನ್‌ಜಿಗೆ ಬದಲಿಸಿಕೊಳ್ಳಿ. 2004ರಲ್ಲಿ ಅಡೋಬಿ ಹೊರತಂದ ಈ ಮಾದರಿಯ ವಿವರಗಳು ಎಲ್ಲರಿಗೂ ಮುಕ್ತವಾಗಿವೆ.

ಕಾರ್ಡಿನಿಂದ ಫೈಲುಗಳನ್ನು ದಿನಾಂಕದ ಹೆಸರಿನ ಫೋಲ್ಡರಿಗೆ ಇಳಿಸಿ, ಎರಡನೆಯ ಡಿಸ್ಕ್‌ಗೂ ನಕಲು ಮಾಡಿದ ಮೇಲಷ್ಟೇ ಕಾರ್ಡ್ ಖಾಲಿ ಮಾಡಿ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ ಎಂಬ ರೂಢಿ ಒಳ್ಳೆಯದು. ರಾ ಫೈಲಿನ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲ್ ಹುಟ್ಟಿಕೊಂಡರೆ ಅಳಿಸಬೇಡಿ, ನಿಮ್ಮ ತಿದ್ದುಪಡಿಗಳೆಲ್ಲ ಅದರಲ್ಲಿರುತ್ತವೆ. ಜಾಗ ಬದಲಿಸುವಾಗ ಎರಡನ್ನೂ ಒಟ್ಟಿಗೆ ಒಯ್ಯಿರಿ.

ಆಮೇಲೆ ನಿರ್ದಾಕ್ಷಿಣ್ಯವಾಗಿ ಆರಿಸಿ. ಫೋಕಸ್ ತಪ್ಪಿದ್ದು, ಕಣ್ಣು ಮುಚ್ಚಿದ್ದು, ಒಂದೇ ದೃಶ್ಯದ ಹತ್ತು ನಕಲುಗಳು ಹೋಗಲಿ. ಡಿಸ್ಕ್ ತುಂಬುವುದು ರಾ ಫೈಲಿನಿಂದಲ್ಲ, ಆರಿಸದೆ ಉಳಿಸಿದ ಫೈಲುಗಳಿಂದ.

ಹೆಜ್ಜೆ 5: ಸಂಸ್ಕರಣೆ

ಮೊದಲ ಬಾರಿ ರಾ ಫೈಲ್ ತೆರೆದವರಿಗೆ ಒಂದು ಗಾಬರಿ ಕಾದಿರುತ್ತದೆ. ಚಿತ್ರ ಒಂದು ಕ್ಷಣ ಹೊಳಪಿನಿಂದ ಕಂಡು, ಮರುಕ್ಷಣ ಮಂಕಾಗುತ್ತದೆ. ಏನೂ ಹಾಳಾಗಿಲ್ಲ. ಮೊದಲು ಕಂಡದ್ದು ಒಳಗಿನ ಪುಟ್ಟ ಜೆಪೆಗ್, ಆಮೇಲಿನದು ತಂತ್ರಾಂಶವು ತಾನೇ ರಾ ಅಳತೆಗಳಿಂದ ಕಟ್ಟಿದ ಚಿತ್ರ. ಜೆಪೆಗ್‌ಗಿಂತ ರಾ ಕೆಟ್ಟದಾಗಿ ಕಾಣುತ್ತದೆ ಎಂದು ಎಷ್ಟೋ ಮಂದಿ ಇಲ್ಲಿಯೇ ಕೈಬಿಡುತ್ತಾರೆ. ಕೈಬಿಡಬೇಡಿ, ಕೆಲಸ ಶುರುವಾಗುವುದೇ ಇಲ್ಲಿಂದ.

ಬಹುತೇಕ ತಂತ್ರಾಂಶಗಳು ತಮ್ಮೊಳಗಿನ ಕ್ರಮದಲ್ಲೇ ಲೆಕ್ಕ ಮಾಡುವುದರಿಂದ ನೀವು ಯಾವ ಗುಂಡಿಯನ್ನು ಮೊದಲು ಎಳೆದಿರಿ ಎಂಬುದು ಫಲಿತಾಂಶಕ್ಕೆ ಮುಖ್ಯವಲ್ಲ. ಕಣ್ಣಿಗೆ ಮಾತ್ರ ಕ್ರಮ ಬೇಕು.

1. ಬಣ್ಣದ ಪ್ರೊಫೈಲ್ ಆರಿಸಿ, ಲೆನ್ಸ್ ದೋಷಗಳ ತಿದ್ದುಪಡಿಯನ್ನು ಚಾಲೂ ಮಾಡಿ.

2. ವೈಟ್ ಬ್ಯಾಲೆನ್ಸ್ ಹೊಂದಿಸಿ. ಬೂದು ಇರಬೇಕಾದ ಭಾಗದ ಮೇಲೆ ಕ್ಲಿಕ್ ಮಾಡುವುದು ಆರಂಭಕ್ಕಷ್ಟೇ. ಸೂರ್ಯಾಸ್ತದ ಬಂಗಾರದ ಬಣ್ಣವನ್ನು 'ಸರಿಪಡಿಸಿ' ಬಿಳಿಯಾಗಿಸಿದರೆ ಸೂರ್ಯಾಸ್ತವೇ ಹೋಗುತ್ತದೆ. ಅಲ್ಲಿ ನಿಂತಾಗ ಬೆಳಕು ಹೇಗಿತ್ತು ಎಂಬುದನ್ನು ನೆನಪಿಸಿಕೊಂಡು ನಿರ್ಧರಿಸಿ.

3. ಎಕ್ಸ್‌ಪೋಷರ್ ಹೊಂದಿಸಿ. ಇಡೀ ಚಿತ್ರವನ್ನಲ್ಲ, ಮುಖ್ಯ ವಸ್ತುವನ್ನು ನೋಡುತ್ತ ಎಳೆಯಿರಿ.

4. ಹೈಲೈಟ್ ಇಳಿಸಿ, ಶ್ಯಾಡೋ ಏರಿಸಿ, ಆದರೆ ಎರಡನ್ನೂ ಕೊನೆಯವರೆಗೆ ಎಳೆಯಬೇಡಿ. ರಾ ಕಲಿತ ಮೊದಲ ತಿಂಗಳಲ್ಲಿ ಎಲ್ಲರ ಚಿತ್ರಗಳಲ್ಲೂ ನೆರಳೇ ಇರುವುದಿಲ್ಲ, ಎಲ್ಲವೂ ಒಂದೇ ಬೆಳಕಿನಲ್ಲಿ ಚಪ್ಪಟೆಯಾಗಿ ಮಲಗಿರುತ್ತವೆ. ನೆರಳು ಚಿತ್ರಕ್ಕೆ ಆಳ ಕೊಡುತ್ತದೆ, ಕಪ್ಪು ಭಾಗ ಕಪ್ಪಾಗಿಯೇ ಇರಲು ಬಿಡಿ.

5. ಕಾಂಟ್ರಾಸ್ಟ್ ಮತ್ತು ಬಣ್ಣ. ಸ್ಯಾಚುರೇಷನ್ ಏರಿಸುವ ಮೊದಲು ಟೋನ್ ಕರ್ವ್‌ನಿಂದ (ಕಪ್ಪು-ಬಿಳುಪಿನ ಹಂತಗಳನ್ನು ತಿದ್ದುವ ವಕ್ರರೇಖೆ) ಕಾಂಟ್ರಾಸ್ಟ್ ಕೊಡಿ. ಎಷ್ಟೋ ಬಾರಿ ಬಣ್ಣ ಅದರಿಂದಲೇ ಜೀವಂತವಾಗುತ್ತದೆ.

6. ಮಾಸ್ಕ್ (ಚಿತ್ರದ ಒಂದು ಭಾಗವನ್ನಷ್ಟೇ ಆಯುವ ಉಪಕರಣ) ಬಳಸಿ ಮುಖವನ್ನೋ ಆಕಾಶವನ್ನೋ ಬೇರೆಯಾಗಿ ತಿದ್ದುವುದು, ಕ್ರಾಪ್ ಮಾಡುವುದು.

7. ನಾಯ್ಸ್ ಮತ್ತು ಶಾರ್ಪ್‌ನೆಸ್. ಇವೆರಡನ್ನೂ ಶೇಕಡ 100ರ ನೋಟದಲ್ಲೇ ನಿರ್ಧರಿಸಬೇಕು. ಬಣ್ಣದ ನಾಯ್ಸನ್ನು ಧಾರಾಳವಾಗಿ ಒರೆಸಿ, ಪ್ರಕಾಶದ ನಾಯ್ಸನ್ನು ಸ್ವಲ್ಪ ಉಳಿಸಿ. ಪೂರ್ತಿ ಒರೆಸಿದ ಚರ್ಮ ಮೇಣದಂತೆ ಕಾಣುತ್ತದೆ.

ಒಮ್ಮೆ ಮುಗಿಸಿ ಬಿಟ್ಟು, ಮರುದಿನ ಮತ್ತೆ ನೋಡಿ. ಹೆಚ್ಚಾಯಿತೆನಿಸಿದ ತಿದ್ದುಪಡಿಯನ್ನು ಅರ್ಧಕ್ಕೆ ಇಳಿಸಿದಾಗ ಸಾಮಾನ್ಯವಾಗಿ ಚಿತ್ರ ಉತ್ತಮಗೊಳ್ಳುತ್ತದೆ. ಹವ್ಯಾಸಿಯ ಬಿಡುವು ಫಲ ಕೊಡುವುದು ಇಂಥಲ್ಲಿ.

ಹೆಜ್ಜೆ 6: ಹೊರತೆಗೆಯುವುದು

ಪರದೆಯ ಮೇಲೆ ನೋಡುವವರಿಗೆ ಎಸ್‌ಆರ್‌ಜಿಬಿ ಜೆಪೆಗ್, ಉದ್ದದ ಬದಿ 2048 ಪಿಕ್ಸೆಲ್, ಗುಣಮಟ್ಟ 80ರಿಂದ 90. ಮುದ್ರಣಕ್ಕೆ ಪೂರ್ಣ ಗಾತ್ರ; 6000 × 4000 ಪಿಕ್ಸೆಲ್‌ನ ಚಿತ್ರವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 20 ಇಂಚು ಅಗಲ ಸಿಗುತ್ತದೆ.

ಮೊಬೈಲ್‌ನಲ್ಲಿ ರಾ

ಆಂಡ್ರಾಯ್ಡ್ 5.0ರಿಂದ, ಅಂದರೆ 2014ರಿಂದ, ಡಿಎನ್‌ಜಿ ರಾ ಫೈಲಿಗೆ ಅವಕಾಶವಿದೆ. ಐಫೋನ್‌ಗಳಲ್ಲಿ 2016ರ ಐಒಎಸ್ 10ರಿಂದ. ಆದರೆ ಮೊಬೈಲ್ ತನ್ನ ಪುಟ್ಟ ಸೆನ್ಸರ್‌ನ ಕೊರತೆಯನ್ನು ತುಂಬಿಕೊಳ್ಳುವುದು ಹಲವು ಚಿತ್ರಗಳನ್ನು ಒಂದಾಗಿ ಬೆಸೆದು. ಸಾದಾ ರಾ ಫೈಲಿನಲ್ಲಿ ಸಾಮಾನ್ಯವಾಗಿ ಆ ಬೆಸುಗೆ ಇರುವುದಿಲ್ಲ, ಹಾಗಾಗಿ ಕಡಿಮೆ ಬೆಳಕಿನಲ್ಲಿ ಮೊಬೈಲಿನ ಜೆಪೆಗ್ ಅದರ ರಾ ಫೈಲಿಗಿಂತ ಚೆನ್ನಾಗಿರುವುದುಂಟು. 2020ರಲ್ಲಿ ಐಫೋನ್ 12 ಪ್ರೊ ಜೊತೆ ಬಂದ ಪ್ರೊರಾ ಬೆಸೆದ ಚಿತ್ರವನ್ನೇ ಡಿಎನ್‌ಜಿಯಾಗಿ ಕೊಡುತ್ತದೆ. ಹಗಲಿನ ನಿಸರ್ಗ ದೃಶ್ಯಗಳಿಗೆ ಮೊಬೈಲಿನಲ್ಲಿ ರಾ ಬಳಸಿ, ರಾತ್ರಿಗೆ ಅದರ ನೈಟ್ ಮೋಡನ್ನೇ ನಂಬಿ.

ಜೆಪೆಗ್ ಸಾಕಾಗುವಲ್ಲಿ

ದಾಖಲೆಗಾಗಿ ತೆಗೆಯುವ ಚಿತ್ರ, ಅಂದೇ ನೂರಾರು ಮಂದಿಗೆ ಹಂಚಬೇಕಾದ ಸಮಾರಂಭದ ಚಿತ್ರ, ಕಂಪ್ಯೂಟರಿನ ಮುಂದೆ ಕೂರುವುದೇ ಇಷ್ಟವಿಲ್ಲದವರ ಚಿತ್ರ, ಇವಕ್ಕೆ ಜೆಪೆಗ್ ಸಾಕು. ಆದರೆ ಸ್ಪರ್ಧೆಗಳಿಗೆ ಕಳುಹಿಸುವ ಆಸೆಯಿದ್ದರೆ ರಾ ಫೈಲನ್ನೂ ಇಟ್ಟುಕೊಳ್ಳಿ. ವರ್ಲ್ಡ್ ಪ್ರೆಸ್ ಫೋಟೊದಂಥ ಸ್ಪರ್ಧೆಗಳು ಅಂತಿಮ ಹಂತದಲ್ಲಿ ಚಿತ್ರ ತಿರುಚಿಲ್ಲವೆಂದು ಪರಿಶೀಲಿಸಲು ಕ್ಯಾಮೆರಾದ ಮೂಲ ಫೈಲನ್ನೇ ಕೇಳುತ್ತವೆ.

ಹಳೆಯ ಫೈಲುಗಳನ್ನು ಮತ್ತೆ ತೆರೆಯುವುದು

ಜೆಪೆಗ್ ಹೊರತೆಗೆದ ಮೇಲೆ ರಾ ಅಳಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಊಹಿಸುವ ಮತ್ತು ನಾಯ್ಸ್ ಬೇರ್ಪಡಿಸುವ ಲೆಕ್ಕಗಳು ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತಿವೆ. ಕೃತಕ ಬುದ್ಧಿಮತ್ತೆಯ ಇಂದಿನ ನಾಯ್ಸ್ ಉಪಕರಣಗಳಲ್ಲಿ ಹಲವು ರಾ ಅಳತೆಗಳ ಮೇಲೆಯೇ ನೇರವಾಗಿ ಕೆಲಸ ಮಾಡುತ್ತವೆ. ಹತ್ತು ವರ್ಷದ ಹಿಂದೆ ಐಎಸ್‌ಒ 6400ರಲ್ಲಿ ತೆಗೆದು ಬದಿಗಿಟ್ಟ ಚಿತ್ರವೊಂದು ಇಂದು ಮುದ್ರಣಕ್ಕೆ ಯೋಗ್ಯವಾಗಿ ಹೊರಬರಬಹುದು. ಅಂಥ ಹಳೆಯ ಫೈಲ್ ತೆರೆದಾಗ, ಹಿಂದಿನ ತಿದ್ದುಪಡಿಯ ಮೇಲೆಯೇ ಕೈಯಾಡಿಸದೆ ಮೊದಲು ವರ್ಚುವಲ್ ಪ್ರತಿಯೊಂದನ್ನು, ಅಂದರೆ ಅದೇ ಫೈಲಿಗೆ ತಿದ್ದುಪಡಿಗಳ ಇನ್ನೊಂದು ಪಟ್ಟಿಯನ್ನು, ಮಾಡಿಕೊಳ್ಳಿ. ಅದು ಡಿಸ್ಕ್‌ನಲ್ಲಿ ಹೆಚ್ಚೇನೂ ಜಾಗ ತಿನ್ನುವುದಿಲ್ಲ. ಆ ಪ್ರತಿಗೆ ತಂತ್ರಾಂಶದ ಹೊಸ ಸಂಸ್ಕರಣಾ ಆವೃತ್ತಿಯನ್ನು ಅನ್ವಯಿಸಿ, ಎಲ್ಲ ಹೊಂದಾಣಿಕೆಗಳನ್ನು ಸೊನ್ನೆಗೆ ತಂದು, ಹಳೆಯದನ್ನು ನೋಡದೆ ಮೊದಲಿನಿಂದ ಸಂಸ್ಕರಿಸಿ. ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದನ್ನು ಉಳಿಸಬೇಕೆಂದು ಆಗ ನಿರ್ಧರಿಸಿ.